ದವಾಖಾನೆಗೆ ಬರುವ ಮುಂಚಿನ ವರ್ಷಗಳು

ಈ ಶತಮಾನದ ಮೊದಲ ವರ್ಷಗಳಲ್ಲಿ ಭಾರತ–ಕೆನಡಾ ಸಹಯೋಗದ ಎಚ್‌ಐವಿ ಯೋಜನೆಯ ಸಂಶೋಧಕರು ಬಾಗಲಕೋಟೆ ಜಿಲ್ಲೆಯ ಆಯ್ದ ಹಳ್ಳಿ, ವಾರ್ಡುಗಳಲ್ಲಿ ಮನೆಮನೆಗೆ ಹೋಗಿ 15ರಿಂದ 49 ವಯಸ್ಸಿನ ಸುಮಾರು ಐದು ಸಾವಿರ ಜನರ ರಕ್ತ ಪರೀಕ್ಷಿಸಿದರು. ಅವರಲ್ಲಿ ಶೇ. 2.9ರಷ್ಟು ಜನಕ್ಕೆ ಸೋಂಕು ತಗುಲಿತ್ತು. ಇದಾದ ಕೆಲವೇ ವರ್ಷಗಳಲ್ಲಿ, 2005–06ರಲ್ಲಿ ನಡೆದ ಮೂರನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಪ್ರಮಾಣ ಶೇ. 0.28, ಕರ್ನಾಟಕದ್ದು ಶೇ. 0.69. ಬಾಗಲಕೋಟೆಯ ಅಂಕಿ ದೊಡ್ಡದು ಎಂಬುದಷ್ಟೇ ಅಚ್ಚರಿಯಾಗಿರಲಿಲ್ಲ. ಸೋಂಕು ಪಟ್ಟಣಗಳಿಗೆ ಕಡಿಮೆಯಿಲ್ಲದಂತೆ ಹಳ್ಳಿಗಳಲ್ಲೂ ಇತ್ತು, ಮತ್ತು ಒಂದು ಊರಿಗೂ ಅದರ ಆಚೆಯ ಊರಿಗೂ ಅಜಗಜಾಂತರವಿತ್ತು. ಮುಂಬೈ, ಹೆದ್ದಾರಿ, ಲಾರಿ ಡ್ರೈವರ್ ಎಂದು ಆಗ ಎಲ್ಲರ ಬಾಯಲ್ಲಿದ್ದ ವಿವರಣೆ ಇಲ್ಲಿಗೆ ಸಾಲುತ್ತಿರಲಿಲ್ಲ.

ಅದೇ ಕಾಲಕ್ಕೆ ಕರ್ನಾಟಕದ 1,588 ಲೈಂಗಿಕ ಕಾರ್ಯಕರ್ತೆಯರನ್ನು ಮಾತನಾಡಿಸಿದ ಇನ್ನೊಂದು ಅಧ್ಯಯನ ಒಂದು ಸುಳಿವು ಕೊಟ್ಟಿತು. ಅವರಲ್ಲಿ ಶೇ. 26 ಮಂದಿ ದೇವದಾಸಿ ಪದ್ಧತಿಯ ದಾರಿಯಲ್ಲಿ ಬಂದವರು. ಉಳಿದವರು ಸರಾಸರಿ 21.8ನೇ ವಯಸ್ಸಿಗೆ ಈ ಕೆಲಸಕ್ಕೆ ಬಂದಿದ್ದರೆ, ಇವರು ಬಂದದ್ದು 15.7ನೇ ವಯಸ್ಸಿಗೆ. ಇವರಲ್ಲಿ ಓದುಬರಹ ಬಾರದವರು ಶೇ. 93ರ ಹತ್ತಿರ. ಉಳಿದವರ ಪೈಕಿ ಹಳ್ಳಿಯಲ್ಲಿದ್ದುಕೊಂಡೇ ಕೆಲಸ ಮಾಡುತ್ತಿದ್ದವರು ಶೇ. 9ರಷ್ಟಾದರೆ, ಇವರಲ್ಲಿ ಅಂಥವರು ಶೇ. 47. ಆರು ವರ್ಷಗಳ ಅಂತರ ಸಣ್ಣದಲ್ಲ. ಹದಿನೈದರ ಹುಡುಗಿಗೆ ಗಿರಾಕಿಯ ಮುಂದೆ ಬೇಡವೆನ್ನುವ ಧೈರ್ಯವಿರುವುದಿಲ್ಲ, ಕೈಯಲ್ಲಿ ಕಾಸಿರುವುದಿಲ್ಲ, ದವಾಖಾನೆಯ ಚೀಟಿ ಓದಲು ಬರುವುದಿಲ್ಲ. ರಕ್ತ ಪರೀಕ್ಷೆಯ ವರದಿ ಬಂದದ್ದು ಅವಳ ಇಪ್ಪತ್ತೈದಕ್ಕೋ ಮೂವತ್ತಕ್ಕೋ ಇರಬಹುದು. ಕಾಯಿಲೆಗೆ ದಾರಿಯಾದದ್ದು ಅದಕ್ಕಿಂತ ಎಷ್ಟೋ ಮೊದಲು, ಕೊರಳಿಗೆ ಕೆಂಪು–ಬಿಳಿ ಮಣಿಯ ಸರ ಬಿದ್ದ ದಿನ.

ಹೀಗೆ ಸರ ತೊಡಿಸಿ ಮಗಳನ್ನು ದೇವಿಗೆ ಬಿಡುವುದನ್ನು, ಅಂದರೆ ಮುತ್ತು ಕಟ್ಟುವುದನ್ನು, ಮೂಢನಂಬಿಕೆ ಎಂದು ಬದಿಗೆ ಸರಿಸುವುದು ಸುಲಭ. ಆದರೆ ಮುತ್ತು ಕಟ್ಟಿದ ಮನೆಗಳ ಲೆಕ್ಕಾಚಾರ ನೋಡಿದರೆ ಅದು ಬರೀ ದೇವರ ಮಾತಾಗಿ ಉಳಿಯುವುದಿಲ್ಲ. ಗಂಡು ಸಂತಾನವಿಲ್ಲದ ಮನೆಯಲ್ಲಿ ಒಬ್ಬ ಮಗಳನ್ನು ಎಲ್ಲಮ್ಮ ದೇವಿಗೆ ಬಿಟ್ಟರೆ ಅವಳು ಗಂಡನ ಮನೆಗೆ ಹೋಗುವುದಿಲ್ಲ. ಮುದಿ ತಂದೆತಾಯಿಯನ್ನು ಸಾಕುತ್ತಾಳೆ, ಮನೆಯ ಹೆಸರು ಉಳಿಸುತ್ತಾಳೆ. ವರದಕ್ಷಿಣೆಯ ಖರ್ಚೂ ಇಲ್ಲ. ಹೀಗೆ ಲೆಕ್ಕ ಹಾಕಬೇಕಾಗಿ ಬಂದದ್ದು ಹೆಚ್ಚಾಗಿ ಹೊಲವಿಲ್ಲದ ಮಾದಿಗ, ಹೊಲೆಯ ಕೇರಿಗಳ ಮನೆಗಳಿಗೆ. ಈ ಭಾಗ ಮುಂಬೈ ಪ್ರಾಂತದಲ್ಲಿದ್ದಾಗಲೇ, 1934ರಲ್ಲಿ, ದೇವದಾಸಿ ರಕ್ಷಣಾ ಕಾಯ್ದೆ ಬಂದಿತ್ತು. ಸಂಸ್ಥಾನಗಳಾಗಿದ್ದ ಮುಧೋಳ, ಜಮಖಂಡಿ ಮಾತ್ರ ಆಗ ಆ ಪ್ರಾಂತದ ಹೊರಗಿದ್ದವು. ಕರ್ನಾಟಕ ತನ್ನದೇ ನಿಷೇಧ ಕಾಯ್ದೆ ಮಾಡಿದ್ದು 1982ರಲ್ಲಿ. ಕಾಯ್ದೆ ಬಂದ ಮೇಲೆ ಪದ್ಧತಿ ಕಡಿಮೆಯಾಯಿತು ನಿಜ. ಜೊತೆಗೆ ಬಹಿರಂಗವಾಗಿ ನಡೆಯುತ್ತಿದ್ದದ್ದು ಕದ್ದುಮುಚ್ಚಿ ನಡೆಯತೊಡಗಿತು. ಮುದಿ ತಂದೆತಾಯಿಯ ಊಟದ ಪ್ರಶ್ನೆಗೆ ಮಾತ್ರ ಎರಡೂ ಕಾಯ್ದೆಗಳಲ್ಲಿ ಉತ್ತರವಿರಲಿಲ್ಲ.

ಆರೋಗ್ಯದ ಅಸಮಾನತೆ ಎಂದ ಕೂಡಲೇ ನಮ್ಮಲ್ಲಿ ಚರ್ಚೆ ದವಾಖಾನೆಯ ಕಡೆ ಹೊರಳುತ್ತದೆ. ಡಾಕ್ಟರಿಲ್ಲ, ಸ್ಕ್ಯಾನಿಂಗ್ ಯಂತ್ರ ಕೆಟ್ಟಿದೆ, ತಜ್ಞರು ಬೆಳಗಾವಿಯಲ್ಲೋ ಹುಬ್ಬಳ್ಳಿಯಲ್ಲೋ ಕುಳಿತಿದ್ದಾರೆ. ಈ ದೂರುಗಳೆಲ್ಲ ಖರೆ. ಆದರೆ ದವಾಖಾನೆ ಕೈಯಳತೆಯಲ್ಲಿದ್ದರೂ ಅಂತರ ಉಳಿಯುತ್ತದೆ ಎಂಬುದನ್ನು ಬ್ರಿಟನ್ನಿನ ವೈಟ್‌ಹಾಲ್ ಅಧ್ಯಯನ ತೋರಿಸಿ ಬಹಳ ಕಾಲವಾಯಿತು. 1967ರಲ್ಲಿ ಶುರುವಾದ ಆ ಅಧ್ಯಯನ ಲಂಡನ್ನಿನ ಸರ್ಕಾರಿ ನೌಕರರನ್ನು ವರ್ಷಗಟ್ಟಲೆ ಗಮನಿಸಿತು. ಯಾರೂ ನಿರುದ್ಯೋಗಿಗಳಲ್ಲ, ಎಲ್ಲರಿಗೂ ಚಿಕಿತ್ಸೆ ಪುಕ್ಕಟೆ. ಆದರೂ ಕೆಳದರ್ಜೆಯ ನೌಕರರು ಹೃದಯದ ಕಾಯಿಲೆಯಿಂದ ಸಾಯುವ ಪ್ರಮಾಣ ಮೇಲಧಿಕಾರಿಗಳದ್ದಕ್ಕಿಂತ ಸುಮಾರು ಮೂರು ಪಟ್ಟು ಹೆಚ್ಚಿತ್ತು. ಸಿಗರೇಟು, ರಕ್ತದೊತ್ತಡದ ಲೆಕ್ಕವೆಲ್ಲ ತೆಗೆದರೂ ಅಂತರದ ದೊಡ್ಡ ಪಾಲು ಹಾಗೇ ಉಳಿಯಿತು. ಲಂಡನ್ನಿನ ಕಚೇರಿಯೊಳಗೇ ಹೀಗಾದರೆ, ಬಾಗಲಕೋಟೆ ಜಿಲ್ಲೆಯ ಲೋಕಾಪುರದ ಸುತ್ತಿನ ಹೊಲ, ಮಗ್ಗ, ಗಣಿಗಳ ಕತೆ ಕೇಳುವುದೇ ಬೇಡ.

ಲೋಕಾಪುರ ಕೂಡುರಸ್ತೆಯ ಊರು. ಧಾರವಾಡದಿಂದ ಮುಧೋಳ, ಜಮಖಂಡಿ ಹಾಯ್ದು ವಿಜಯಪುರಕ್ಕೆ ಹೋಗುವ ರಸ್ತೆಯೂ, ಬೆಳಗಾವಿಯಿಂದ ಬಾಗಲಕೋಟೆಗೆ ಹೋಗುವ ರಸ್ತೆಯೂ ಇಲ್ಲಿ ಸೇರುತ್ತವೆ. ಭೂವಿಜ್ಞಾನಿಗಳು ಕಲಾದಗಿ ಶಿಲಾಸ್ತೋಮದ ಒಂದು ಪದರಕ್ಕೆ ಈ ಊರಿನ ಹೆಸರನ್ನೇ ಇಟ್ಟಿದ್ದಾರೆ. ಇಲ್ಲಿನ ಸುಣ್ಣದಕಲ್ಲು ಸಿಮೆಂಟ್ ಕಾರ್ಖಾನೆಗಳನ್ನು ಕರೆತಂದಿತು. ಉತ್ತರಕ್ಕೆ ಘಟಪ್ರಭೆಯ ನೀರು, ಕಬ್ಬು, ಸಕ್ಕರೆ ಕಾರ್ಖಾನೆ. ಅದರಾಚೆ ರಬಕವಿ–ಬನಹಟ್ಟಿಯ ಮಗ್ಗಗಳು. ಪೂರ್ವಕ್ಕೆ ಆಲಮಟ್ಟಿಯ ಹಿನ್ನೀರು ನುಂಗಿದ ಬೀಳಗಿಯ ಹೊಲಗಳು. ಇದು ಬಡ ಸೀಮೆ ಎಂದರೆ ಯಾರೂ ನಂಬಲಿಕ್ಕಿಲ್ಲ. ಸರ್ಕಾರದ ದುಡ್ಡಿಗೆ ಕಾಯದೆ ರೈತರೇ ವಂತಿಗೆ ಹಾಕಿ, ಬೆವರು ಸುರಿಸಿ, 1989ರಲ್ಲಿ ಕೃಷ್ಣೆಗೆ ಚಿಕ್ಕಪಡಸಲಗಿಯಲ್ಲಿ ಬ್ಯಾರೇಜು ಕಟ್ಟಿಕೊಂಡ ಸೀಮೆ ಇದು. ಶ್ರಮಬಿಂದು ಸಾಗರದ ಕತೆ ನಾಡಿಗೆಲ್ಲ ಗೊತ್ತು. ಹೆಮ್ಮೆಪಡಬೇಕಾದದ್ದೇ. ಆದರೆ ನೀರು ಹರಿದದ್ದು ಹೊಲವಿದ್ದವರ ಹೊಲಕ್ಕೆ. ಹೊಲವಿಲ್ಲದವರಿಗೆ ಅದರಿಂದ ಕೂಲಿ ಹೆಚ್ಚು ದಿನ ಸಿಕ್ಕಿರಬಹುದು, ಅಷ್ಟೇ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ 175 ತಾಲ್ಲೂಕುಗಳನ್ನು ಅಳೆದು 114 ಹಿಂದುಳಿದಿವೆ ಎಂದಿತು. ಆ ಅಳತೆ ರಾಜ್ಯದ ಕಣ್ಣು ತೆರೆಸಿತು. ಆದರೆ ತಾಲ್ಲೂಕಿನ ಸರಾಸರಿ ತೆಗೆದಾಗ ಕಬ್ಬಿನ ಗದ್ದೆಯ ಮಾಲೀಕನೂ ಆ ಕಬ್ಬು ಕಡಿಯುವವಳೂ ಒಂದೇ ಅಂಕಿಯೊಳಗೆ ಸೇರಿಬಿಡುತ್ತಾರೆ. ಒಂದೇ ಊರಿನ ಓಣಿ ಓಣಿಗಳ ನಡುವಿನ ದೂರ ಆ ಕೋಷ್ಟಕದಲ್ಲಿ ಕಾಣುವುದಿಲ್ಲ.

ಆ ದೂರ ಶುರುವಾಗುವುದು ಹುಟ್ಟುವುದಕ್ಕೂ ಮುಂಚೆ. ಇದಕ್ಕೆ ಸಾಕ್ಷಿ ಕನ್ನಡ ನಾಡಿನಲ್ಲೇ ಇದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಜನರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದ ಅಲ್ಲಿ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಟ್ಟುಕೊಂಡಿತ್ತು. ದಶಕಗಳ ನಂತರ ಬ್ರಿಟನ್ನಿನ ಡೇವಿಡ್ ಬಾರ್ಕರ್, ಕ್ಯಾರೊಲೀನ್ ಫಾಲ್ ಮತ್ತು ಸಂಗಡಿಗರು ಆ ದಪ್ಪ ಪುಸ್ತಕಗಳನ್ನು ತೆಗೆದು, 1934–54ರ ನಡುವೆ ಹುಟ್ಟಿ ಆಸ್ಪತ್ರೆಯ ಆಸುಪಾಸಿನಲ್ಲೇ ಬದುಕಿದ್ದ 517 ಮಂದಿಯನ್ನು ಹುಡುಕಿ ಪರೀಕ್ಷಿಸಿದರು. 1996ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಶೇ. 11 ಮಂದಿಗೆ ಹೃದ್ರೋಗವಿತ್ತು. ಮೂರು ಕಿಲೋ ದಾಟಿ ಚೆನ್ನಾಗಿ ಹುಟ್ಟಿದವರಲ್ಲಿ ಶೇ. 3. ತಾಯಿಯೂ ತೀರಾ ಸಣಕಲಾಗಿದ್ದರೆ ಮಕ್ಕಳ ಪಾಡು ಇನ್ನೂ ಕೆಟ್ಟದಾಗಿತ್ತು. ಐವತ್ತರ ಹರೆಯದ ಎದೆನೋವಿನ ಬೇರು ಆ ಮನುಷ್ಯನ ತಾಯಿ ಬಸುರಿಯಾಗಿದ್ದಾಗ ಉಂಡ, ಉಣ್ಣದ ಊಟದಲ್ಲೂ ಇತ್ತು.

ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ (2019–21) ಕರ್ನಾಟಕದ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಇದ್ದವರು ಶೇ. 47.8. ಹಿಂದಿನ ಸಮೀಕ್ಷೆಗಿಂತ ಇದು ಹೆಚ್ಚು. ಐದು ವರ್ಷದೊಳಗಿನ ಮಕ್ಕಳಲ್ಲಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು ಶೇ. 35.4. ಹದಿನೆಂಟು ತುಂಬುವ ಮುಂಚೆ ಮದುವೆಯಾದ ಯುವತಿಯರು ಶೇ. 21.3. ಈ ಕೊನೆಯ ಅಂಕಿ ಅದರ ಹಿಂದಿನ ಸಮೀಕ್ಷೆಯಿಂದ ಹೆಚ್ಚು ಕಡಿಮೆ ಅಲ್ಲಾಡಲೇ ಇಲ್ಲ. ಇದರ ನಡುವೆ ಕರ್ನಾಟಕ ಬಾಲ್ಯವಿವಾಹ ಕಾಯ್ದೆಗೆ ತಿದ್ದುಪಡಿ ತಂದು ಅಂಥ ಮದುವೆ ಮೂಲದಲ್ಲೇ ಅಸಿಂಧು ಎಂದು ಸಾರಿತ್ತು. ಹದಿನೇಳಕ್ಕೆ ಮದುವೆ, ಹದಿನೆಂಟಕ್ಕೆ ಚೊಚ್ಚಲ, ಮೈಯಲ್ಲಿ ರಕ್ತವಿಲ್ಲದೆ ಹೆತ್ತ ಎರಡೂಕಾಲು ಕಿಲೋ ಕೂಸು: ತಾಯಿ ಕಾರ್ಡಿನಲ್ಲಿ ಇವು ಬೇರೆ ಬೇರೆ ಕಾಲಮುಗಳು, ಆ ಹುಡುಗಿಯ ಬಾಳಿನಲ್ಲಿ ಒಂದರ ಬೆನ್ನಿಗೊಂದು ಕಟ್ಟಿಕೊಂಡು ಬಂದವು.

ಹಾಗಾದರೆ ಹುಡುಗಿಯರನ್ನು ಶಾಲೆಯಲ್ಲಿ ಉಳಿಸಿದರೆ ಸಾಕಲ್ಲವೇ? ಈ ಪ್ರಯತ್ನ ಇದೇ ಸೀಮೆಯಲ್ಲಿ ನಡೆದಿದೆ. ಬಾಗಲಕೋಟೆ ಮತ್ತು ವಿಜಯಪುರ ಜಿಲ್ಲೆಗಳ ಪರಿಶಿಷ್ಟ ಜಾತಿ, ಪಂಗಡದ ಹುಡುಗಿಯರಿಗಾಗಿ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ‘ಸಮತಾ’ ಎಂಬ ಕಾರ್ಯಕ್ರಮ ನಡೆಸಿತು. ಹುಡುಗಿಯರೊಂದಿಗೆ ಮಾತುಕತೆ, ಪಾಲಕರ ಭೇಟಿ, ಊರ ಹಿರಿಯರನ್ನು ಒಪ್ಪಿಸುವುದು, ಶಾಲೆಯವರೊಂದಿಗೆ ಕೆಲಸ, ಎಲ್ಲವೂ ಅದರಲ್ಲಿದ್ದವು. ಕಾರ್ಯಕ್ರಮ ಇದ್ದ ಊರುಗಳನ್ನೂ ಇಲ್ಲದ ಊರುಗಳನ್ನೂ ಹೋಲಿಸಿ ನೋಡಿದಾಗ ಒಟ್ಟಾರೆಯಾಗಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಅದನ್ನು ನಡೆಸಿದವರು ಆ ಫಲಿತಾಂಶವನ್ನು ಮುಚ್ಚಿಡದೆ ಪ್ರಕಟಿಸಿದರು. ನಮ್ಮಲ್ಲಿ ಇದು ಅಪರೂಪ. ಯೋಜನೆ ಇಲ್ಲದ ಊರುಗಳಲ್ಲೂ ಹೆಚ್ಚು ಹುಡುಗಿಯರು ಹೈಸ್ಕೂಲು ದಾಟತೊಡಗಿದ್ದರು. ಎಂಟನೇ ಇಯತ್ತೆಯ ಸೈಕಲ್ಲು, ಬಸ್ ಪಾಸು, ಬಿಸಿಯೂಟ, ಮನೆಯಿಂದ ಸನಿಹಕ್ಕೆ ಬಂದ ಹೈಸ್ಕೂಲು ಇವೆಲ್ಲ ಸದ್ದಿಲ್ಲದೆ ತಮ್ಮ ಕೆಲಸ ಮಾಡಿರಬಹುದು. ಎದೆಗಾರಿಕೆ ಕಲಿಸುವ ತರಬೇತಿ ಬೇಡವೆಂದಲ್ಲ. ಎಲ್ಲರಿಗೂ ಸಿಗುವ ಸಾದಾ ಸೌಲಭ್ಯದ ಬಲ ಆಯ್ದವರಿಗೆ ಸಿಗುವ ವಿಶೇಷ ತರಬೇತಿಗಿಂತ ಹೆಚ್ಚಿರಬಹುದು ಎಂಬುದನ್ನು ಮಾತ್ರ ಗಂಭೀರವಾಗಿ ಎಣಿಸಬೇಕಾಗುತ್ತದೆ.

ಶಾಲೆ ಬಿಟ್ಟವರು ಎಲ್ಲಿಗೆ ಹೋಗುತ್ತಾರೆ? ರಬಕವಿ–ಬನಹಟ್ಟಿಯಲ್ಲಾದರೆ ಮಗ್ಗಕ್ಕೆ. ಕುಣಿಮಗ್ಗದವರು ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು, ಬೆನ್ನು ಬಾಗಿಸಿ, ದಿನವಿಡೀ ಕಾಲಿನಿಂದ ಹಲಗೆ ತುಳಿಯುತ್ತಾರೆ. ಮಳೆಗಾಲದಲ್ಲಿ ಕುಣಿಗೆ ತೇವ ಏರುತ್ತದೆ. ಪಕ್ಕದಲ್ಲಿ ಹೆಂಡತಿಯೋ ತಾಯಿಯೋ ಕಂಡಿಕೆ ಸುತ್ತುತ್ತಿರುತ್ತಾಳೆ. ನೇಕಾರನ ಮಜೂರಿಯಲ್ಲಿ ಅವಳ ಪಾಲು ಎಷ್ಟು ಎಂದು ಯಾರೂ ಲೆಕ್ಕ ಇಡುವುದಿಲ್ಲ. ವಿದ್ಯುತ್ ಮಗ್ಗದ ಶೆಡ್ಡಿನಲ್ಲಿ ಬೆನ್ನಿಗೆ ಅಷ್ಟು ತ್ರಾಸಿಲ್ಲ, ಆದರೆ ಲಾಳಿಯ ಸದ್ದು ಬೀದಿಯ ತುದಿಗೂ ಕೇಳುತ್ತದೆ. ಒಳಗಿನವರು ಸನ್ನೆಯಲ್ಲಿ ಮಾತಾಡಿ ರೂಢಿ ಮಾಡಿಕೊಳ್ಳುತ್ತಾರೆ, ಹೊರಗೆ ಬಂದಾಗ ದೊಡ್ಡ ದನಿಯಲ್ಲಿ ಮಾತಾಡುತ್ತಾರೆ. ಕಿವಿ ಮಂದವಾದದ್ದು ಮನೆಯವರಿಗೆ ಗೊತ್ತಾಗುವ ಹೊತ್ತಿಗೆ ವರ್ಷಗಳು ಕಳೆದಿರುತ್ತವೆ. ಹತ್ತಿಯ ನಯವಾದ ದೂಳು ಶ್ವಾಸಕೋಶಕ್ಕಿಳಿದು ತರುವ ಬಿಸಿನೋಸಿಸ್ ಎಂಬ ಕಾಯಿಲೆಯ ಲಕ್ಷಣ ವಿಚಿತ್ರವಾದದ್ದು. ವಾರದ ರಜೆ ಮುಗಿಸಿ ಕೆಲಸಕ್ಕೆ ಮರಳಿದ ಮೊದಲ ದಿನವೇ ಎದೆ ಬಿಗಿಯುತ್ತದೆ. ನೂಲುವ ಗಿರಣಿಯಷ್ಟು ದೂಳು ನೇಯುವಲ್ಲಿ ಇರುವುದಿಲ್ಲ, ಆದರೆ ಕಿಟಕಿ ಮುಚ್ಚಿದ ಸಣ್ಣ ಶೆಡ್ಡಿನಲ್ಲಿ ಇದ್ದಷ್ಟು ದೂಳೂ ಸಾಕಷ್ಟಾಗುತ್ತದೆ.

ಕಾನೂನಿನ ಪುಸ್ತಕದಲ್ಲಿ ಇದಕ್ಕೆ ಜಾಗವಿದೆ. 1948ರ ಕಾರ್ಖಾನೆ ಕಾಯ್ದೆ ಬಿಸಿನೋಸಿಸ್ಸನ್ನು ವರದಿ ಮಾಡಲೇಬೇಕಾದ ಕಾಯಿಲೆಗಳ ಸಾಲಿನಲ್ಲಿ ಇರಿಸಿತು. ಅದೇ ವರ್ಷದ ನೌಕರರ ರಾಜ್ಯ ವಿಮಾ ಕಾಯ್ದೆ ಅದನ್ನು ಪರಿಹಾರಕ್ಕೆ ಅರ್ಹವಾದ ಔದ್ಯೋಗಿಕ ರೋಗವೆಂದು ಒಪ್ಪಿಕೊಂಡಿತು. ಆದರೆ ಆ ಕಾಯ್ದೆಗಳ ಲೆಕ್ಕದಲ್ಲಿ ಕರೆಂಟಿನಿಂದ ನಡೆಯುವ ಕಡೆ ಕನಿಷ್ಠ ಹತ್ತು ಜನ ಕೆಲಸಕ್ಕಿದ್ದರೆ ಅದು ಕಾರ್ಖಾನೆ ಎನಿಸಿಕೊಳ್ಳುತ್ತಿತ್ತು. ಮನೆಗೆ ಅಂಟಿಕೊಂಡ ನಾಲ್ಕು ಮಗ್ಗದ ಶೆಡ್ಡಿನಲ್ಲಿ ಇಬ್ಬರೋ ಮೂವರೋ ಇರುತ್ತಾರೆ. ಆ ದೂಳೇ, ಆ ಸದ್ದೇ. ಕಾಯ್ದೆ ಮಾತ್ರ ಬಾಗಿಲವರೆಗೆ ಬಂದು ತಲೆ ಎಣಿಸಿ ಹಿಂದಿರುಗುತ್ತದೆ. ರಾಜ್ಯ ಸರ್ಕಾರ 2020ರಲ್ಲಿ ಕೈಮಗ್ಗದವರಿಗೆ ನೇಕಾರ ಸಮ್ಮಾನ್ ಎಂದು ವರ್ಷಕ್ಕೆ ಎರಡು ಸಾವಿರ ರೂಪಾಯಿ ಕೊಡಲು ಶುರು ಮಾಡಿತು, ಆಮೇಲೆ ಅದನ್ನು ಐದು ಸಾವಿರಕ್ಕೆ ಏರಿಸಿತು. ಬಂದದ್ದು ಬರಲಿ. ಆದರೆ ಕೆಟ್ಟ ಕಿವಿಗೆ, ಬಿಗಿದ ಎದೆಗೆ ಅದು ಉತ್ತರವಲ್ಲ.

ಇಲ್ಲಿ ಒಂದು ತಕರಾರು ಬಂದೇ ಬರುತ್ತದೆ. ಇವರೇ ತಂಬಾಕು ಜಗಿಯುತ್ತಾರೆ, ಕುಡಿಯುತ್ತಾರೆ, ಹೇಳಿದರೆ ಕೇಳುವುದಿಲ್ಲ. ಇದಕ್ಕೆ ಸಮಾಜ ಏನು ಮಾಡಬೇಕು? ತಕರಾರಿನಲ್ಲಿ ಹುರುಳಿಲ್ಲ ಎನ್ನಲಾಗದು. ತಂಬಾಕು ಬಿಟ್ಟವನ ಬಾಯಿ ಉಳಿಯುತ್ತದೆ, ಅವನು ಯಾವ ಜಾತಿಯವನೇ ಆಗಲಿ. ಆದರೆ ಬೆಳಗಿನ ಜಾವ ಕಬ್ಬಿಗೆ ಇಳಿದು ಮಧ್ಯಾಹ್ನದವರೆಗೆ ಊಟವಿಲ್ಲದೆ ಕಡಿಯುವವರು ತಂಬಾಕು ಹಾಕಿಕೊಳ್ಳುವುದು ಹಸಿವು ಮುಂದೂಡಲು. ರಾತ್ರಿಪಾಳಿಯ ಮಗ್ಗದವನು ಗುಟ್ಕಾ ಹಾಕುವುದು ನಿದ್ದೆ ತಡೆಯಲು. ಚಟಕ್ಕೂ ಒಂದು ದಿನಚರಿ ಇರುತ್ತದೆ, ಅದನ್ನು ರೂಪಿಸುವುದು ಕೆಲಸದ ಸ್ವರೂಪ. ಬರೀ ಬುದ್ಧಿಮಾತಿನ ಭಿತ್ತಿಚಿತ್ರ ಅಂಟಿಸಿ ದಿನಚರಿಯನ್ನು ಹಾಗೇ ಬಿಟ್ಟರೆ ಚಟ ಬಿಡುವವರು ಯಾರು? ಬಿಡಲು ಅನುಕೂಲ ಇದ್ದವರು. ಅಸಮಾನತೆ ಹಾಗೆಯೂ ಬೆಳೆಯುತ್ತದೆ.

ವಿಮೆಯ ಕಾರ್ಡುಗಳ ಕತೆಯೂ ಇದಕ್ಕೆ ಹತ್ತಿರದ್ದೇ. 2003ರಲ್ಲಿ ಜಾರಿಗೆ ಬಂದ ಯಶಸ್ವಿನಿ ಒಳ್ಳೆಯ ಯೋಜನೆ. ಸಾವಿರಾರು ರೈತರ ಶಸ್ತ್ರಚಿಕಿತ್ಸೆ ಅದರಿಂದಾಯಿತು. ಅದು ಸಿಗುತ್ತಿದ್ದದ್ದು ಸಹಕಾರ ಸಂಘದ ಸದಸ್ಯರಿಗೆ. ಪತ್ತಿನ ಸಂಘದಲ್ಲಿ ಸದಸ್ಯನಾಗಲು ಹೊಲದ ಉತಾರೆ ಇದ್ದವನಿಗೆ ಸಲೀಸು, ಇಲ್ಲದವನಿಗೆ ದೂರದ ಮಾತು. 2010ರಲ್ಲಿ ಬಂದ ವಾಜಪೇಯಿ ಆರೋಗ್ಯಶ್ರೀ, 2018ರ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಆ ಕೊರತೆಯನ್ನು ಸಾಕಷ್ಟು ತುಂಬಿದವು. ಬಿಪಿಎಲ್ ಕುಟುಂಬಕ್ಕೆ ಈಗ ವರ್ಷಕ್ಕೆ ಐದು ಲಕ್ಷದವರೆಗೆ ಚಿಕಿತ್ಸೆಯಿದೆ. ಇವುಗಳಿಂದ ಸಾಲಸೋಲ ತಪ್ಪಿದ ಮನೆಗಳಿವೆ, ಅದನ್ನು ಹಗುರವಾಗಿ ಕಾಣಬಾರದು. ಆದರೂ ಐದು ಲಕ್ಷದ ಕಾರ್ಡು ಕೆಲಸಕ್ಕೆ ಬರುವುದು ಎದೆ ಒಡೆದ ಮೇಲೆ, ಮೂತ್ರಪಿಂಡ ಕೈಕೊಟ್ಟ ಮೇಲೆ. ಬಸುರಿಗೆ ಅಂಗನವಾಡಿಯಲ್ಲಿ ಬಿಸಿ ಊಟ ಕೊಡುವ ಮಾತೃಪೂರ್ಣಕ್ಕೆ (2017) ಕಾರ್ಡಿನಷ್ಟು ಪ್ರಚಾರ ಸಿಗಲಿಲ್ಲ. ಮಕ್ಕಳ ಬಿಸಿಯೂಟಕ್ಕೆ ಮೊಟ್ಟೆ ಬಂದಾಗ ಮಠಗಳಲ್ಲಿ, ಟಿವಿಯಲ್ಲಿ ಎದ್ದ ಗದ್ದಲ ನೋಡಿದರೆ, ಬೈಪಾಸ್ ಶಸ್ತ್ರಚಿಕಿತ್ಸೆಗೆ ಖರ್ಚು ಮಾಡುವುದಕ್ಕಿಂತ ಮೊಟ್ಟೆಗೆ ಖರ್ಚು ಮಾಡುವುದು ಇಲ್ಲಿ ಕಷ್ಟದ ರಾಜಕಾರಣ ಎನಿಸುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಇದು ಬದಲಾಗದ ಹಣೆಬರಹ ಎಂದು ಓದುಗರಿಗೆ ಅನಿಸಬಹುದು. ಅಲ್ಲ ಎಂಬುದಕ್ಕೆ ಮತ್ತೆ ಎಚ್‌ಐವಿಯ ಕಡೆಗೇ ನೋಡಬೇಕು. ಬಾಗಲಕೋಟೆಯಲ್ಲಿ ಸೋಂಕು ತಡೆಯುವ ಕೆಲಸವನ್ನು ಬರೀ ಕಾಂಡೋಮು, ಗುಳಿಗೆಗಳಿಗೆ ಬಿಟ್ಟಿರಲಿಲ್ಲ. ಚೈತನ್ಯ ಏಡ್ಸ್ ತಡೆಗಟ್ಟುವ ಮಹಿಳಾ ಸಂಘದಂಥ ಸಂಘಟನೆಗಳನ್ನು ಲೈಂಗಿಕ ಕಾರ್ಯಕರ್ತೆಯರೇ ಕಟ್ಟಿದರು. ತಮ್ಮವರನ್ನು ತಾವೇ ಹುಡುಕಿ ದವಾಖಾನೆಗೆ ಕರೆದೊಯ್ದರು. ಪೊಲೀಸರು ಹಿಡಿದಾಗ ಠಾಣೆಯ ಮುಂದೆ ಗುಂಪಾಗಿ ನಿಂತರು. ರೇಷನ್ ಕಾರ್ಡು, ಮಾಸಾಶನಕ್ಕೆ ತಹಶೀಲ್ದಾರ್ ಕಚೇರಿ ಅಲೆದರು. ಇದು ಸಮಾಜಸೇವೆ, ಚಿಕಿತ್ಸೆಗೂ ಇದಕ್ಕೂ ಏನು ಸಂಬಂಧ ಎನ್ನುವವರಿಗೆ ಕರ್ನಾಟಕದ್ದೇ ಒಂದು ಅಧ್ಯಯನ ಉತ್ತರ ಕೊಟ್ಟಿದೆ. ಹೊಡೆತ, ಬಲಾತ್ಕಾರ ಅನುಭವಿಸಿದ ಲೈಂಗಿಕ ಕಾರ್ಯಕರ್ತೆಯರಲ್ಲಿ ಕಾಂಡೋಮ್ ಬಳಕೆ ಕಡಿಮೆ ಇತ್ತು, ಗೊನೋರಿಯಾ ಹೆಚ್ಚಿತ್ತು. ಹಿಂಸೆ ತಡೆಯುವ ಕೆಲಸ ಆರಂಭವಾದ ಮೇಲೆ ಹಿಂಸೆಯೂ ಇಳಿಯಿತು. ಏಪ್ರಿಲ್ 2004ರಲ್ಲಿ ಕೇಂದ್ರ ಸರ್ಕಾರ ಎಚ್‌ಐವಿ ಸೋಂಕಿತರಿಗೆ ಎಆರ್‌ಟಿ ಗುಳಿಗೆ ಪುಕ್ಕಟೆ ಕೊಡಲು ಶುರು ಮಾಡಿತು. ಆಮೇಲಿನ ವರ್ಷಗಳಲ್ಲಿ ರಾಜ್ಯದಲ್ಲಿ ಹೊಸ ಸೋಂಕು ಇಳಿಯುತ್ತ ಬಂತು. ಇಳಿಕೆಯಲ್ಲಿ ಗುಳಿಗೆಯ ಪಾಲೆಷ್ಟು, ಸಂಘಟನೆಯ ಪಾಲೆಷ್ಟು ಎಂದು ತೂಗಿ ಹೇಳಲಾಗದು. ಸಂಘಟನೆ ಇಲ್ಲದಿದ್ದರೆ ಗುಳಿಗೆ ಆ ಓಣಿಗಳನ್ನು ಮುಟ್ಟುತ್ತಿರಲಿಲ್ಲ ಎಂದು ಮಾತ್ರ ಧೈರ್ಯವಾಗಿ ಹೇಳಬಹುದು.

ಆ ಹೆಣ್ಣುಮಕ್ಕಳಲ್ಲಿ ದೇವದಾಸಿಯರಾದವರಿಗೆ ಇನ್ನೊಂದು ತೊಡಕಿತ್ತು. ರಾಜ್ಯ ಸರ್ಕಾರ 1993–94ರಲ್ಲೂ 2007–08ರಲ್ಲೂ ದೇವದಾಸಿಯರ ಗಣತಿ ಮಾಡಿ ಒಟ್ಟು 46,660 ಹೆಸರು ಬರೆದುಕೊಂಡಿತು. ಮಾಸಾಶನ, ಮನೆ, ಸಾಲ ಎಲ್ಲಕ್ಕೂ ವರ್ಷಗಟ್ಟಲೆ ಆ ಪಟ್ಟಿಯೇ ಆಧಾರವಾಯಿತು. ಗಣತಿಯ ದಿನ ಪುಣೆಯಲ್ಲೋ ಸಾಂಗ್ಲಿಯಲ್ಲೋ ದುಡಿಯುತ್ತಿದ್ದವಳು, ಹೇಳಿಕೊಳ್ಳಲು ನಾಚಿದವಳು, ಆಮೇಲೆ ಗುಟ್ಟಾಗಿ ಮುತ್ತು ಕಟ್ಟಿಸಿಕೊಂಡವಳು ಪಟ್ಟಿಯ ಹೊರಗೇ ಉಳಿದರು. ಹತ್ತು ಜನರಿಲ್ಲದ ಮಗ್ಗದ ಶೆಡ್ಡು, ಸಹಕಾರ ಸಂಘದ ಸದಸ್ಯತ್ವವಿಲ್ಲದ ಕೂಲಿ, ಗಣತಿಗೆ ಸಿಗದ ದೇವದಾಸಿ: ಮೂವರ ಕಾಯಿಲೆ ಬೇರೆ ಬೇರೆ, ಆದರೆ ಅವರ ಕೈ ಹಿಡಿಯಬೇಕಿದ್ದ ಹೊತ್ತಿಗೆ ಮೂವರೂ ಯಾವುದೋ ಗೆರೆಯ ಆಚೆ ಬಿದ್ದಿದ್ದರು. ಗೆರೆ ಎಳೆಯುವುದು ಆಡಳಿತಕ್ಕೆ ಅನಿವಾರ್ಯ. ಎಲ್ಲಿ ಎಳೆಯಬೇಕು ಎಂಬುದು ಅನಿವಾರ್ಯವಲ್ಲ.

ಈ ಗೆರೆಗಳು ಕಣ್ಣಿಗೆ ಹೊಡೆದು ಕಾಣುವುದು ಕಬ್ಬಿನ ಹಂಗಾಮಿನಲ್ಲಿ. ಮಹಾರಾಷ್ಟ್ರದ ಬರಸೀಮೆಯಿಂದ, ವಿಜಯಪುರದ ಕಡೆಯ ತಾಂಡಾಗಳಿಂದ ಗ್ಯಾಂಗುಗಳು ಮುಂಗಡ ಹಿಡಿದು ಬರುತ್ತವೆ. ಗಂಡಹೆಂಡತಿ ಸೇರಿ ಒಂದು ಜೋಡಿ, ಕೂಲಿ ಟನ್ನಿನ ಲೆಕ್ಕದಲ್ಲಿ. ಗದ್ದೆಯ ಬದಿಗೆ ತಾಡಪತ್ರಿಯ ಗುಡಿಸಲು, ಕಬ್ಬಿನ ರವದಿಯೇ ಹಾಸಿಗೆ. ಬಸುರಿಯೂ ಹೊರೆ ಹೊತ್ತು ಟ್ರ್ಯಾಕ್ಟರಿಗೆ ಏರಿಸುತ್ತಾಳೆ, ಏಕೆಂದರೆ ಅವಳು ಕೂತರೆ ಜೋಡಿ ಒಡೆಯುತ್ತದೆ. ಇದರ ಕೊನೆ ಎಲ್ಲಿಗೆ ಮುಟ್ಟಬಹುದು ಎಂಬುದು 2019ರಲ್ಲಿ ಬೀಡ ಜಿಲ್ಲೆಯಿಂದ ಗೊತ್ತಾಯಿತು. ಕಬ್ಬು ಕಡಿಯುವ 82 ಸಾವಿರಕ್ಕೂ ಹೆಚ್ಚು ಹೆಣ್ಣುಮಕ್ಕಳನ್ನು ವಿಚಾರಿಸಿದ ಮಹಾರಾಷ್ಟ್ರ ಸರ್ಕಾರದ ಸಮಿತಿಗೆ, ಅವರಲ್ಲಿ 13,861 ಮಂದಿ ಗರ್ಭಕೋಶ ತೆಗೆಸಿಕೊಂಡಿರುವುದು ಕಂಡುಬಂತು. ಮುಟ್ಟಿನ ದಿನಗಳ ಗೈರುಹಾಜರಿ ಕೂಲಿಗೆ ಕತ್ತರಿ ಹಾಕುತ್ತದೆ ಎಂಬುದೂ ಅದಕ್ಕೊಂದು ಕಾರಣವಾಗಿತ್ತು.

ಹಂಗಾಮಿನ ನಾಲ್ಕೈದು ತಿಂಗಳಲ್ಲಿ ಕೂಸಿನ ಲಸಿಕೆ, ಬಸುರಿಯ ತಪಾಸಣೆ, ಅಂಗನವಾಡಿಯ ಊಟ ತಪ್ಪಿಹೋಗುವುದು ಇವರು ಕಾಣೆಯಾದದ್ದರಿಂದಲ್ಲ. ಕಬ್ಬು ನುರಿಸುವುದು ಯಾವ ದಿನ ಶುರುವಾಗಬೇಕೆಂದು ಸರ್ಕಾರವೇ ನಿಗದಿ ಮಾಡುತ್ತದೆ. ಯಾವ ಊರಿನ ಗ್ಯಾಂಗು ಯಾವ ರೈತನ ಗದ್ದೆಗೆ ಯಾವ ವಾರ ಇಳಿಯುತ್ತದೆ ಎಂಬುದು ಕಾರ್ಖಾನೆಯ ಕಬ್ಬು ವಿಭಾಗಕ್ಕೆ, ಗ್ಯಾಂಗು ಕರೆತರುವ ಮುಕಾದಮನಿಗೆ ಗೊತ್ತಿರುತ್ತದೆ, ಏಕೆಂದರೆ ಅಲ್ಲಿ ದುಡ್ಡಿನ ವ್ಯವಹಾರವಿದೆ. ಊರು ಬಿಟ್ಟು ಬಂದವರಿಗೂ ಅಂಗನವಾಡಿ ಸೌಲಭ್ಯ ಕೊಡಬೇಕು, ಬೇರೆ ರಾಜ್ಯದ ರೇಷನ್ ಕಾರ್ಡಿಗೂ ಅಕ್ಕಿ ಕೊಡಬೇಕು ಎಂಬ ನಿಯಮಗಳು ಈಗಾಗಲೇ ಇವೆ. ಕಾರ್ಖಾನೆಯ ಆ ಪಟ್ಟಿಯ ಒಂದು ಪ್ರತಿ ಅಕ್ಟೋಬರಿನಲ್ಲೇ ಮುಧೋಳ, ಜಮಖಂಡಿ, ಬೀಳಗಿ, ರಬಕವಿ–ಬನಹಟ್ಟಿಯ ತಾಲ್ಲೂಕು ಆರೋಗ್ಯಾಧಿಕಾರಿಗಳಿಗೂ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳಿಗೂ ಮುಟ್ಟುವಂತೆ ಮಾಡುವುದಕ್ಕೆ ಹೊಸ ಕಾಯ್ದೆಯೇನೂ ಬೇಕಿಲ್ಲ. ನುರಿಸುವ ಪರವಾನಗಿಗೆ ಒಂದು ಷರತ್ತು ಸೇರಿಸಿದರೆ ಆಗುತ್ತದೆ.